ಬರ್ತೀನಿ ಅಂದದ್ದು ಯಾರಿಗೆ

ಕೊಳಲು ನಿಂತುಹೋಯಿತು.

ಕ್ಯಾಸೆಟ್ಟಮ್ಮ ವಿಡಿಯೋ ಡೆಕ್ಕಿನ ಮುಂಭಾಗದಲ್ಲಿದ್ದ ಸಣ್ಣ ಸ್ವಿಚ್ಚನ್ನು ಒಂದು ಗುರುತು ಎಡಕ್ಕೆ ತಳ್ಳಿದ್ದಳು, ಅಷ್ಟೆ. ಪರದೆಯ ಮೇಲೆ ಅದೇ ಖಾಲಿ ಮನೆ, ಅದೇ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಫೋಟೋ ತೆಗೆದ ಗೋಡೆಯ ಮೇಲೆ ಉಳಿದ ಅದೇ ಬಿಳಿ ಚೌಕಗಳು. ಆದರೆ ಎಂಟು ದಿನದಿಂದ ಈ ಚಿತ್ರದ ಮೇಲೆ ಕಂಬಳಿ ಹೊದಿಸಿದ ಹಾಗೆ ಕವಿದಿದ್ದ ಕೊಳಲಿನ ಟ್ಯೂನು ಇಲ್ಲ. ಅದರ ಜಾಗದಲ್ಲಿ ಒಂದು ಒರಟು ಗುರುಗುರು.

ಟೇಪಿನ ಓಟ ಸರಿಪಡಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಗುರುಗುರು ಹರಿಯಿತು. ಹರಿದ ಕಡೆಯಿಂದ ಒಂದು ಮನೆ ಕೇಳಿಸತೊಡಗಿತು.

ಎಲ್ಲೋ ಮುಂಬಾಗಿಲ ಕಡೆ ನಿಂತೇ ಗುಡುಗುವ ಲಾರಿ. ಪಾತ್ರೆಗೆ ಪಾತ್ರೆ ತಾಗಿದ ಸದ್ದು. ಹಳೆಯ ಪೇಪರನ್ನು ಮುದುರುವ ಸರಸರ. ಎಲ್ಲಕ್ಕಿಂತ ಹತ್ತಿರದಲ್ಲಿ, ಕಿವಿಗೆ ಅಂಟಿಕೊಂಡ ಹಾಗೆ, ಎದೆಯಲ್ಲಿ ಸಿಳ್ಳೆ ಹಾಕುವ ಒಂದು ಉಸಿರು. ಕ್ಯಾಮೆರಾ ಹಿಡಿದವನದು.

ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಅದೇ ಗೂಡಂಗಡಿಯಲ್ಲಿ ಕೂತು, ಜನರ ಮನೆಯ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾಳೆ, ಹಾಗಾಗಿ ಕ್ಯಾಸೆಟ್ಟಮ್ಮ. ಕಂಡವರ ಮಕ್ಕಳು ತೆವಳುವುದನ್ನು, ನಿಲ್ಲುವುದನ್ನು, ಬಿದ್ದು ಅಳುವುದನ್ನು ನೋಡಿ ನೋಡಿ ಅವಳಿಗೆ ಐವತ್ತು ತುಂಬಿತ್ತು. ಇಳಿಸುವಾಗ ಮಾತಾಡಬಾರದು ಅನ್ನುವುದು ಅವಳದೇ ಒಂದು ನಿಯಮ. ಸತ್ತವರು ಮಾತಾಡುವಾಗ ಬದುಕಿರುವವರು ಬಾಯಿ ಮುಚ್ಚಿಕೊಂಡಿರಬೇಕು ಅಂತ.

ಈ ಒಂಬತ್ತು ಕ್ಯಾಸೆಟ್ಟುಗಳನ್ನು ತಂದುಕೊಟ್ಟವಳು ಆ ಮನೆಯ ದೊಡ್ಡ ಮಗಳು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಹಳೆಯ ಬಾಡಿಗೆ ಮನೆ ಖಾಲಿ ಮಾಡಿದ ಮಧ್ಯಾಹ್ನ, ಅವಳ ತಂಗಿ, ಇಪ್ಪತ್ತು ವರ್ಷದ ಸಣ್ಣವಳು, ಹಿತ್ತಿಲ ಬಾಗಿಲು ದಾಟಿ ಹೋದವಳು ಮತ್ತೆ ಬರಲಿಲ್ಲ. ಹೋಗುವಾಗ "ಬರ್ತೀನಿ" ಅಂದಳು. ಒಳಗೆ ಪಾತ್ರೆ ಕಟ್ಟುತ್ತಿದ್ದ ತಾಯಿ ತಿರುಗಿಯೂ ನೋಡದೆ "ಹೂಂ" ಅಂದರು. ಪೊಲೀಸರಿಗೆ ಸಿಕ್ಕಿದ್ದು ಆ ಒಂದು ಮಾತು. ಹೇಳಿ ಹೋಗಿದ್ದಾಳೆ, ಅಂದ ಮೇಲೆ ತಾನಾಗಿಯೇ ಹೋಗಿದ್ದಾಳೆ ಅಂತ ಬರೆದುಕೊಂಡು ಕಡತ ಮುಚ್ಚಿದರು. ಬೀದಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಓಡಿಹೋದಳು' ಅಂದರು.

ಈಗ ಆ ತಾಯಿಗೆ ಕಣ್ಣು ಕಾಣುವುದಿಲ್ಲ. ಅವರಿಗೆ ಚಿತ್ರ ಬೇಡ. ಮಗಳ ದನಿ ಬೇಕು, ಒಂದೇ ಒಂದು ಸಲ.

ಉಳಿದ ಎಂಟರಲ್ಲಿ ಅವಳ ಚಿತ್ರವಿತ್ತೇ ಹೊರತು ಮಾತಿರಲಿಲ್ಲ. ಆ ದಿನದ ಕ್ಯಾಸೆಟ್ಟಿನಲ್ಲಿ ಅವಳಿದ್ದ ಕಡೆ ದನಿಯ ಬದಲು ಕೊಳಲು ಇತ್ತು.

ಕ್ಯಾಸೆಟ್ಟಮ್ಮನ ಒಳ್ಳೆಯ ಡೆಕ್ಕು ಬೆಲ್ಟ್ ಹರಿದು ಮೂಲೆ ಸೇರಿತ್ತು. ಹೊಸ ಬೆಲ್ಟ್ ಬಂದದ್ದು ಇವತ್ತು ಬೆಳಿಗ್ಗೆ. ಬೇರೆ ಡೆಕ್ಕುಗಳು ಟೇಪಿನ ಅಂಚಿನಲ್ಲಿರುವ ಸಣ್ಣ ಪಟ್ಟಿಯಿಂದ ಮಾತ್ರ ದನಿ ಓದುತ್ತವೆ. ಹಾಡು ಕೂರಿಸುವವರು ಮುಟ್ಟುವುದೂ ಆ ಪಟ್ಟಿಯನ್ನೇ. ಆದರೆ ಕೆಲವು ದುಬಾರಿ ಕ್ಯಾಮೆರಾಗಳು ಅದೇ ದನಿಯನ್ನು ಚಿತ್ರದ ಅಡಿಯಲ್ಲೂ ಒಮ್ಮೆ ಬರೆದಿಟ್ಟಿರುತ್ತವೆ. ಈ ಒಳ್ಳೆಯ ಡೆಕ್ಕು ಅದನ್ನೂ ಓದುತ್ತದೆ. ಅದನ್ನು ಅಳಿಸಬೇಕಾದರೆ ಚಿತ್ರವನ್ನೂ ಅಳಿಸಬೇಕು. ಬೂದಿ ಮುಚ್ಚಿದ ಕೆಂಡ. ಊದುವವರು ಬೇಕು, ಅಷ್ಟೆ.

ಪರದೆಯಲ್ಲಿ ಕ್ಯಾಮೆರಾ ಅಡುಗೆಮನೆಯ ಪಕ್ಕದ ಗೋಡೆಗೆ ಬಂದು ನಿಂತಿತು. ಗೋಡೆಯ ಮೇಲೆ ಪೆನ್ಸಿಲಿನ ಗೆರೆಗಳು, ಒಂದರ ಮೇಲೊಂದು. ಮಕ್ಕಳು ವರ್ಷ ವರ್ಷ ಎಷ್ಟೆತ್ತರ ಬೆಳೆದರು ಅಂತ ಗುರುತು ಮಾಡಿದ್ದು. ಎಡಕ್ಕೆ ದೊಡ್ಡವಳದು, ಬಲಕ್ಕೆ ಸಣ್ಣವಳದು. ಕ್ಯಾಮೆರಾ ಆ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ, ಏಣಿ ಹತ್ತುವ ಹಾಗೆ, ನಿಧಾನವಾಗಿ ಹತ್ತಿತು.

ಆಗ ಚಿತ್ರದಿಂದ ಹೊರಗೆ, ಹಿತ್ತಿಲ ಕಡೆಯಿಂದ, ಗಂಡಸಿನ ದನಿ. ಅರ್ಧ ಪಿಸುಮಾತು.

"ಬಾರೇ ಇಲ್ಲಿ, ಒಂದ್ನಿಮಿಷ."

ಪೇಪರಿನ ಸರಸರ ನಿಂತಿತು. ಎಳೆಯ, ತುಸು ಬೇಸರದ ಹೆಣ್ಣು ದನಿ.

"ಬರ್ತೀನಿ."

ಒಳಗಿನಿಂದ, ಪಾತ್ರೆಗಳ ನಡುವಿನಿಂದ, "ಹೂಂ."

ಕ್ಯಾಮೆರಾ ತಿರುಗುವಷ್ಟರಲ್ಲಿ ಹುಡುಗಿಯ ಬೆನ್ನು, ಜಡೆ, ಬಾಗಿಲು. ಕಿಟಕಿಯ ಕಟ್ಟೆಯ ಮೇಲೆ ಅವಳು ಇಟ್ಟುಹೋದ ಲೋಟ, ಅರ್ಧ ಪೇಪರು ಸುತ್ತಿದ್ದು, ಅರ್ಧ ಬೆತ್ತಲೆ.

ಕ್ಯಾಸೆಟ್ಟಮ್ಮ ಟೇಪು ನಿಲ್ಲಿಸಿದಳು.

ನಮ್ಮ ಮಾತಿನಲ್ಲಿ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ. ಅದು ಅಪಶಕುನ. ಬಾಗಿಲು ದಾಟಿ ಹೋಗುವವರೂ 'ಬರ್ತೀನಿ', ಕೂಗಿದರೆ ಬರುವವರೂ 'ಬರ್ತೀನಿ'. ಎರಡೂ ಒಂದೇ ಮಾತು. ಇಪ್ಪತ್ತನಾಲ್ಕು ವರ್ಷದಿಂದ ಒಂದು ಮನೆ, ಒಂದು ಬೀದಿ, ಒಂದು ಪೊಲೀಸ್ ಠಾಣೆ ಅದನ್ನು ಒಂದೇ ಕಡೆಯಿಂದ ಕೇಳಿಸಿಕೊಂಡಿದ್ದವು. ಹುಡುಗಿ ಯಾರಿಗೂ ಹೇಳಿ ಹೋಗಿರಲಿಲ್ಲ. ಯಾರೋ ಕರೆದಿದ್ದರು, ಉತ್ತರ ಕೊಟ್ಟಿದ್ದಳು.

ಮತ್ತೆ ಹಾಕಿ ಕೇಳಿದಳು. ಹನ್ನೊಂದು ಸಲ. 'ಬಾರೇ' ಅಂದಿದ್ದ. 'ಬನ್ನಿ' ಅಲ್ಲ, 'ಬಾಮ್ಮ' ಅಲ್ಲ. ಆ 'ರೇ' ಅನ್ನುವ ಸಲಿಗೆ ಹಾದಿಹೋಕನಿಗೆ ಬರುವುದಿಲ್ಲ. ಮನೆಯೊಳಗಿನವನಿಗೆ ಬರುತ್ತದೆ. ಇಲ್ಲವೇ ಮನೆಯೊಳಗೆ ಆಗಲೇ ಒಂದು ಕಾಲಿಟ್ಟವನಿಗೆ.

ದೊಡ್ಡವಳು ಹೇಳಿದ್ದ ಪ್ರಕಾರ ಆ ದಿನ ಮನೆ ಸಾಗಿಸಲು ಮನೆಯವರ ಪೈಕಿ ಮೂವರು ಗಂಡಸರಿದ್ದರು. ಮೊದಲನೆಯವನು ಹುಡುಗಿಯ ಸೋದರಮಾವ, ಕ್ಯಾಮೆರಾ ಹಿಡಿದವನು. ಕರೆದ ದನಿ ಕೇಳಿಸುವಾಗ ಅವನ ಸಿಳ್ಳೆಯುಸಿರು ಮೈಕಿನ ಹತ್ತಿರವೇ ಇತ್ತು, ಅವನಲ್ಲ. ಎರಡನೆಯವರು ತಂದೆ. ಮೊದಲ ಲೋಡಿನ ಜೊತೆ ಹೊಸ ಮನೆಗೆ ಹೋಗಿ, ಲಾರಿ ವಾಪಸು ಕಳಿಸಿ, ಅಲ್ಲೇ ಉಳಿದೆ ಅಂದಿದ್ದರು. ಮೂರನೆಯವನು ದೊಡ್ಡವಳ ಜೊತೆ ಮದುವೆ ನಿಶ್ಚಯವಾಗಿದ್ದ ಹುಡುಗ, ಈಗಿನ ಅಳಿಯ. ಸಾಮಾನು ಕಟ್ಟಲು ಹಗ್ಗ ಸಾಲದೆ ತರಲು ಹೋಗಿದ್ದೆ ಅಂದಿದ್ದ. ಇಬ್ಬರಲ್ಲಿ ಒಬ್ಬರು ಹೇಳಿದ ಕಡೆ ಇರಲಿಲ್ಲ.

ಕ್ಯಾಸೆಟ್ಟನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಆಗ ಕಂಡಿತು, ಎಂಟು ದಿನದಿಂದ ಕಣ್ಣೆದುರೇ ಇದ್ದು ಕಾಣದ್ದು. ಬೆನ್ನಿನ ಮೂಲೆಯಲ್ಲಿ ಒಂದು ಚೂರು ಸೆಲ್ಲೋಟೇಪು, ಹಳೆಯದಾಗಿ ಜೇನಿನ ಬಣ್ಣಕ್ಕೆ ತಿರುಗಿದ್ದು.

ಉಳಿದ ಎಂಟು ಕ್ಯಾಸೆಟ್ಟುಗಳನ್ನು ತಿರುಗಿಸಿ ನೋಡಿದಳು. ಅವುಗಳ ಮೇಲೆ ಇರಲಿಲ್ಲ.

*

ಸೋದರಮಾವನ ಸ್ಟುಡಿಯೋದಲ್ಲಿ ಈಗ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನೀಲಿ ಪರದೆ, ಅದರ ಮುಂದೊಂದು ಸ್ಟೂಲು, ಕನ್ನಡಿಗೆ ದಾರದಲ್ಲಿ ಕಟ್ಟಿ ನೇತುಬಿಟ್ಟ ಬಾಚಣಿಗೆ. ಯಾರೂ ಕದ್ದುಕೊಂಡು ಹೋಗದಷ್ಟು ಹಲ್ಲು ಅದಕ್ಕೆ ಬಿದ್ದುಹೋಗಿದ್ದವು. ಒಂದು ಕಾಲದಲ್ಲಿ ಊರಿನ ಮದುವೆಗಳೆಲ್ಲ ಈತನ ಕ್ಯಾಮೆರಾದಲ್ಲೇ ಆಗಿದ್ದು.

"ಬಾಮ್ಮ ಕ್ಯಾಸೆಟ್ಟಮ್ಮ. ಫೋಟೋ ತೆಗೀಲಾ? ನಗಬಾರದು ಮತ್ತೆ. ನಕ್ಕರೆ ಸರ್ಕಾರ ಒಪ್ಪಲ್ಲ."

ಆಡುವಾಗಲೇ ಅವನ ಎದೆ ಸಿಳ್ಳೆ ಹಾಕಿತು. ಬೆಳಿಗ್ಗೆಯಿಂದ ಕಿವಿಯೊಳಗೆ ಕೂತಿದ್ದ ಉಸಿರು ಎದುರಿಗೆ ಕೂತು ತಮಾಷೆ ಮಾಡುತ್ತಿತ್ತು.

ನಗಲಿಲ್ಲ. ಮನೆ ಸಾಗಿಸಿದ ದಿನದ ಕ್ಯಾಸೆಟ್ಟಿಗೆ ಕೊಳಲು ಯಾಕೆ ಹಾಕಿದಿರಿ ಅಂತ ಕೇಳಿದಳು. ಅವನು ಸಲೀಸಾಗಿ ಹೇಳಿದ: ಅಭ್ಯಾಸ. ಖಾಲಿ ಮನೆಯ ಸದ್ದು ಯಾರಿಗೆ ಬೇಕು, ಮದುವೆ ಕ್ಯಾಸೆಟ್ಟಿಗೆಲ್ಲ ಹಾಕುತ್ತಿದ್ದದ್ದನ್ನೇ ಅದಕ್ಕೂ ಹಾಕಿದೆ. ಆಗ ಪೊಲೀಸರಿಗೂ ಅದನ್ನೇ ಹೇಳಿದ್ದೆ, ಅವರೂ ತಲೆಯಾಡಿಸಿದರು.

ನಲವತ್ತು ನಿಮಿಷದ ಟೇಪಿನಲ್ಲಿ ಹನ್ನೊಂದು ನಿಮಿಷಕ್ಕೆ ಮಾತ್ರ ಯಾಕೆ ಅಂದಳು. ಹಾಡು ಅಷ್ಟೇ ಉದ್ದವಿತ್ತು ಅಂದ.

ಅವಳು ಕ್ಯಾಸೆಟ್ಟನ್ನು ಗಾಜಿನ ಮೇಜಿನ ಮೇಲೆ ಬೆನ್ನು ಮೇಲಾಗಿ ಇಟ್ಟಳು.

"ಇಲ್ಲಿದ್ದ ಹಲ್ಲು ಮುರಿದದ್ದು ಯಾರು, ಮಾವ?"

ಆ ಬೆನ್ನಿನ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ಹಲ್ಲು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಯಾರೂ ಏನನ್ನೂ ಬರೆಯಲು ಸಾಧ್ಯವಿಲ್ಲ. ಕಸುಬು ಬಲ್ಲವರು ಎಲ್ಲ ಕೆಲಸ ಮುಗಿದ ಮೇಲೆಯೇ ಅದನ್ನು ಮುರಿಯುವುದು.

"ನಾನೇ. ಒಂಬತ್ತಕ್ಕೂ ಮುರಿದೆ. ಮನೆ ಸಾಗಿಸಿದ ದಿನವೇ, ಸಂಜೆ ಅಲ್ಲೇ ಕೂತು ಮುರಿದು ಅಕ್ಕನ ಕೈಗೆ ಕೊಟ್ಟೆ. ಯಾಕಮ್ಮ?"

"ಮುರಿದ ಮೇಲೆ ಹಾಡು ಕೂರಿಸೋಕೆ ಆಗುತ್ತಾ?"

ಅವನು ಕ್ಯಾಸೆಟ್ಟನ್ನು ತನ್ನ ಕಡೆ ತಿರುಗಿಸಿ ನೋಡಿದ.

"ಸೆಲ್ಲೋಟೇಪು ಅಂಟಿಸಿದ್ರೆ ಆಗುತ್ತೆ," ಅಂದಳು ಅವಳೇ. "ಮುಗಿದ ಕೆಲಸಾನ ವಾಪಸ್ ತಗೊಂಡು ಬಂದಿದ್ದೀರಿ. ಅಕ್ಕನ ಮನೆಯಿಂದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನ ಕೈ ತಾನಾಗಿ ಸರಿದು, ಮೇಜಿನ ಮೇಲೆ ಫೋಟೋ ಲಕೋಟೆ ಅಂಟಿಸಲು ಇಟ್ಟಿದ್ದ ಸೆಲ್ಲೋಟೇಪಿನ ಉರುಳೆಯನ್ನು ಲಕೋಟೆಗಳ ಹಿಂದಕ್ಕೆ ತಳ್ಳಿತು. ತಳ್ಳಿದ ಮೇಲೆ ಅವನಿಗೇ ಗೊತ್ತಾಯಿತು. ಕೈಯನ್ನು ನೋಡಿಕೊಂಡ. ಬೇರೆ ಯಾರದೋ ಕೈ ಅನ್ನುವ ಹಾಗೆ.

ಆಗ ಅವಳು ಹೇಳಿದಳು, ಕೆಳಗಿನ ದನಿ ಹಾಗೇ ಇದೆ ಅಂತ.

ಅವನು ನಂಬಲಿಲ್ಲ. ಆ ಟೇಪನ್ನು ಹತ್ತು ಸಲ ತಿರುಗಿಸಿ ನೋಡಿದ್ದೆ, ಕೊಳಲು ಬಿಟ್ಟರೆ ಏನೂ ಇಲ್ಲ ಅಂದ. ನಿಮ್ಮ ಅಂಗಡಿಯ ಡೆಕ್ಕು ಯಾವುದು ಅಂತ ಕೇಳಿದಳು. ಹಳೆಯದು, ಸಾದಾ. ಕ್ಯಾಮೆರಾ? ಆ ತಿಂಗಳಷ್ಟೇ ತಂದದ್ದು, ಹೊಸದು. ಜೀವಮಾನವಿಡೀ ಕ್ಯಾಮೆರಾ ಹಿಡಿದವನಿಗೆ ತನ್ನ ಕ್ಯಾಮೆರಾ ಏನೇನು ಕೇಳಿಸಿಕೊಂಡಿತ್ತು ಅಂತ ಇವತ್ತು ಗೊತ್ತಾಗಿತ್ತು.

ಮೆಲ್ಲನೆ ಹೋಗಿ ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತ, ಗಿರಾಕಿಯ ಹಾಗೆ, ಕೈಗಳನ್ನು ತೊಡೆಯ ಮೇಲಿಟ್ಟು.

"ಎಷ್ಟು ಕೇಳಿಸುತ್ತೆ?"

"ಎಲ್ಲಾನೂ. ನಿಮ್ಮ ಉಸಿರೂ."

ಆಮೇಲೆ ಹೇಳಿದ್ದು ಪೂರ್ತಿ ನೆಲಕ್ಕೇ ಹೇಳಿದ. ಗೋಡೆಯ ಗೆರೆಗಳ ಚಿತ್ರ ತೆಗೆಯುವಾಗ ಅವನಿಗೆ ಹೊರಗಿನ ದನಿ ಕೇಳಿಸಿರಲಿಲ್ಲ, ಲಾರಿಯ ಗಲಾಟೆ. ಮೂರನೇ ದಿನ, ಹುಡುಗಿಯ ಮುಖ ಪೊಲೀಸರಿಗೆ ತೋರಿಸೋಣ ಅಂತ ಅಕ್ಕನಿಂದ ಟೇಪು ಇಸಿದುಕೊಂಡು ಬಂದು ಹಾಕಿದಾಗ ಕೇಳಿಸಿತು. ಯಾರ ದನಿ ಅಂತ ಕೇಳಿದ ಕೂಡಲೇ ಗೊತ್ತಾಯಿತು. ಸೀದಾ ಆ ಮನುಷ್ಯನ ಹತ್ತಿರ ಹೋದ. ಆ ಮನುಷ್ಯ ಅತ್ತ. ಎರಡು ಮಾತಾಡಿದೆ, ಆಮೇಲೆ ಅವಳು ಸಿಟ್ಟು ಮಾಡಿಕೊಂಡು ಹೋದಳು, ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ ಅಂದ. ಕಾಲು ಹಿಡಿದುಕೊಂಡ.

"ನೀವು ನಂಬಿದ್ರಾ?"

"ನಂಬಿದೆ ಅಂತ ಅಂದುಕೊಂಡೆ." ಎದೆ ಸಿಳ್ಳೆ ಹಾಕಿತು. "ಒಬ್ಬಳನ್ನ ಕಳಕೊಂಡು ಅಕ್ಕ ಅರ್ಧ ಸತ್ತಿದ್ದಳು. ಇನ್ನೊಬ್ಬರನ್ನೂ ಕಿತ್ಕೊಳ್ಳೋ ಕೆಲಸ ನನ್ನ ಕೈಯಲ್ಲಿ ಆಗಲಿಲ್ಲಮ್ಮ. ಹಾಡು ಹಾಕಿಬಿಟ್ಟೆ."

ಯಾರು ಅಂತ ಅವಳು ಕೇಳಿದಳು. ಹೇಳಲಾರೆ ಅಂತ ಅವನು ತಲೆಯಾಡಿಸಿದ. ಸಣ್ಣವಳು ಕಾಣೆಯಾಗುವ ಮುಂಚೆ ಒಂದು ತಿಂಗಳಿಂದ ತಂದೆಯ ಜೊತೆ ಮಾತು ಬಿಟ್ಟಿದ್ದಳಂತೆ, ನಿಜವೇ ಅಂತ ಬಳಸಿ ಕೇಳಿದಳು. ನಿಜ ಅಂದ, ಪರವೂರಲ್ಲಿ ಸಿಕ್ಕಿದ್ದ ಕೆಲಸಕ್ಕೆ ತಂದೆ ಕಳಿಸಲಿಲ್ಲ ಅಂತ. ಮತ್ತೆ ದೊಡ್ಡವಳ ಗಂಡನಾಗುವವನ ಜೊತೆ? ಅವನು ಮುಖವನ್ನು ನೀಲಿ ಪರದೆಯ ಕಡೆ ತಿರುಗಿಸಿದ.

ಅವಳು ಕ್ಯಾಸೆಟ್ಟು ಎತ್ತಿಕೊಂಡಾಗ ಮಾವ ಸ್ಟೂಲಿನಿಂದ ಏಳಲಿಲ್ಲ.

"ಅಕ್ಕನಿಗೆ ಕೊಳಲೇ ಇರಲಿ ಬಿಡಮ್ಮ. ಎಪ್ಪತ್ತಾರು ವರ್ಷ. ಈ ವಯಸ್ಸಲ್ಲಿ ಸತ್ಯ ತಗೊಂಡು ಏನು ಮಾಡ್ತಾಳೆ?"

"ನಿಮ್ಮ ಅಕ್ಕ ಇಪ್ಪತ್ತನಾಲ್ಕು ವರ್ಷದಿಂದ ಮುಂಬಾಗಿಲಿಗೆ ಚಿಲಕ ಹಾಕೋಕೆ ಬಿಟ್ಟಿಲ್ಲ, ಮಾವ," ಅಂದಳು ಕ್ಯಾಸೆಟ್ಟಮ್ಮ. "ಹೊಸ ಮನೆ ಮಗಳು ನೋಡೇ ಇಲ್ವಂತೆ. ದಾರಿ ಕೇಳ್ಕೊಂಡು ಬಂದಾಗ ಬಾಗಿಲು ಹಾಕಿರಬಾರದಂತೆ."

*

ದಾರಿಯುದ್ದಕ್ಕೂ ಅವಳು ತನ್ನ ಅಪ್ಪನ ದನಿಯನ್ನು ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಊರಿನ ರೇಡಿಯೋಗಳಿಗೆಲ್ಲ ದನಿ ಕೊಟ್ಟವನ ಒಂದು ಕೆಮ್ಮು ಕೂಡ ಎಲ್ಲೂ ಉಳಿದಿಲ್ಲ. ಇದ್ದಿದ್ದರೆ, ಅದರ ಪಕ್ಕದಲ್ಲಿ ಎಂಥ ಕೆಟ್ಟ ದನಿ ಇದ್ದರೂ, ತಾನು ಕೇಳುತ್ತಿದ್ದೆ ಅನ್ನಿಸಿತು. ಆದರೆ ಅದು ತನ್ನ ಲೆಕ್ಕ. ಆ ತಾಯಿಯ ಪರವಾಗಿ ತೀರ್ಮಾನ ಮಾಡಲು ತಾನು ಯಾರು? ಮಾವನೂ ಅದೇ ತಪ್ಪು ಮಾಡಿದ್ದನಲ್ಲವೇ?

ಬಾಗಿಲು ಎಂದಿನಂತೆ ಓರೆಯಾಗಿ ತೆರೆದಿತ್ತು. ಚಿಲಕಕ್ಕೆ ತುಕ್ಕು ಹಿಡಿದಿತ್ತು.

ಗಂಡಸರಿಬ್ಬರೂ ಹೊರಡುವ ತಯಾರಿಯಲ್ಲಿದ್ದರು. ತಾಯಿಯ ಕಣ್ಣಿಗೆ ಬಿಡುವ ಔಷಧಿ ಮುಗಿದಿದೆ, ತರಬೇಕು. ತಂದೆ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎಂಬತ್ತರ ಹತ್ತಿರದ ನೆಟ್ಟನೆಯ ಮನುಷ್ಯ, ಔಷಧಿಯ ಚೀಟಿಯಲ್ಲೂ ಕಾಗುಣಿತದ ತಪ್ಪು ಹುಡುಕುತ್ತ ನಿಂತಿದ್ದರು. ಅಳಿಯ ನೀರಿನ ಮೀಟರ್ ಓದುವ ಕೆಲಸದವನು, ಐವತ್ತು ದಾಟಿದರೂ ಮೆಟ್ಟಿಲನ್ನು ಓಡಿಯೇ ಇಳಿಯುವವನು, ಆ ಹಿರಿಯರ ಚಪ್ಪಲಿಯನ್ನು ಅವರ ಕಾಲ ಬಳಿ ಸರಿಸಿಟ್ಟ. ಇಬ್ಬರೂ ಕ್ಯಾಸೆಟ್ಟಮ್ಮನನ್ನು ಮರ್ಯಾದೆಯಿಂದ ಮಾತಾಡಿಸಿದರು. ಏನಾದರೂ ಸಿಕ್ಕಿತಾ ಅಂತ ಒಬ್ಬರು ಕೇಳಿದರು. ಪಾಪ, ಅವರಿಗೆ ಸುಮ್ಮನೆ ಆಸೆ ಹುಟ್ಟಿಸಬೇಡಿ ಅಂತ ಇನ್ನೊಬ್ಬರು ಅಂದರು.

ಅವಳು ಕಿವಿಯನ್ನೇ ಕಣ್ಣು ಮಾಡಿಕೊಂಡು ಕೇಳಿದಳು. ಇಪ್ಪತ್ತನಾಲ್ಕು ವರ್ಷ ದನಿಗೂ ಸುಕ್ಕು ಹಿಡಿಸುತ್ತದೆ. ಪಿಸುಮಾತಿಗಂತೂ ಗುರುತೇ ಇಲ್ಲ. ಗೊತ್ತಾಗಲಿಲ್ಲ.

ಹೊಸಿಲು ದಾಟುತ್ತ, ಯಾರೋ ಒಬ್ಬರು, ಅಭ್ಯಾಸದ ಬಲದಿಂದ, ಒಳಗೆ ತಿರುಗಿ ಅಂದರು: "ಬರ್ತೀವಿ."

ತಾಯಿ ಕಿಟಕಿಯ ಪಕ್ಕದ ಕುರ್ಚಿಯಿಂದ "ಹೂಂ" ಅಂದರು.

ದೊಡ್ಡವಳು ಅವಸರಪಟ್ಟಳು, ಸಿಕ್ಕಿತಾ, ನಾನೂ ಕೇಳಬಹುದಾ ಅಂತ. ಕ್ಯಾಸೆಟ್ಟಮ್ಮ ಆ ದನಿ ತುಂಬಿಸಿ ತಂದಿದ್ದ ಸಣ್ಣ ಯಂತ್ರವನ್ನು ಮೇಜಿನ ಮೇಲಿಟ್ಟು, ಹೆಡ್‌ಫೋನು ಒಂದೇ ಇದೆ, ಮೊದಲು ಅಮ್ಮ ಕೇಳಲಿ ಅಂದಳು. ಆಮೇಲೆ ತಾಯಿಯ ಮುಂದೆ ಮಂಡಿಯೂರಿ, ಅವರ ಕೈ ಹಿಡಿದು ಹೇಳಿದಳು, ಮಗಳ ದನಿ ಇದೆ, ಜೊತೆಗೆ ಇನ್ನೊಂದು ದನಿಯೂ ಇದೆ, ಅದು ಕೇಳಬಾರದ ದನಿ ಆಗಿರಬಹುದು, ಬೇಡ ಅಂದರೆ ಮಗಳದ್ದನ್ನು ಮಾತ್ರ ಕತ್ತರಿಸಿ ಕೇಳಿಸುತ್ತೇನೆ.

"ಕತ್ತರಿಸಿದ್ದು ಇಷ್ಟು ವರ್ಷ ಕೇಳಿದ್ದೀನಿ ತಾಯಿ," ಅಂದರು ಅವರು. "ಪೂರ್ತಿ ಹಾಕು."

ಹಾಕಿದಳು.

ಲಾರಿಯ ಸದ್ದಿಗೆ ಅವರ ಹುಬ್ಬು ಗಂಟಾಯಿತು. ಪಾತ್ರೆಗಳಿಗೆ ಬೆರಳುಗಳು ಅಲುಗಿದವು, ಕೈಗೆ ಆ ಪಾತ್ರೆಗಳ ತೂಕ ನೆನಪಿರುವ ಹಾಗೆ. ಪೇಪರಿನ ಸರಸರ ಬಂದಾಗ ತುಟಿ ಬಿರಿಯಿತು, ನನ್ನ ಮಗಳು ಲೋಟ ಸುತ್ತುತ್ತಿದ್ದಾಳೆ ಅಂದರು, ಮೊದಲೇ ಗೊತ್ತಿದ್ದವರ ಹಾಗೆ.

ಆಮೇಲೆ ಆ ಮುಖ ನಿಂತುಹೋಯಿತು. ಗಡಿಯಾರ ನಿಲ್ಲುವ ಹಾಗೆ.

ಎರಡನೇ ಸಲ ಹಾಕು ಅಂದರು. ಮೂರನೇ ಸಲ. ಮೂರನೇ ಸಲ ಮುಗಿದಾಗ ಕುರುಡು ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಸದ್ದಿಲ್ಲದೆ, ಅದಕ್ಕೂ ಅವರಿಗೂ ಸಂಬಂಧವೇ ಇಲ್ಲದ ಹಾಗೆ.

"ನನಗಲ್ಲ ಅಂದದ್ದು," ಅಂದರು. "ನನಗಾದ್ರೆ 'ಬರ್ತೀನಮ್ಮಾ' ಅಂತಿದ್ದಳು. ಹುಟ್ಟಿದಾಗಿಂದ 'ಅಮ್ಮಾ' ಸೇರಿಸದೆ ಒಂದು ಮಾತಾಡಿದವಳಲ್ಲ. ಅದರಲ್ಲಿ ಅಮ್ಮ ಇಲ್ವಲ್ಲೇ. ಇಪ್ಪತ್ತನಾಲ್ಕು ವರ್ಷ ದಿನಾ ಆ ಮಾತು ಕೇಳಿಸ್ಕೊಂಡಿದ್ದೀನಿ, ಅದರಲ್ಲಿ ನಾನಿಲ್ಲ ಅಂತ ಹೊಳೀಲಿಲ್ಲ."

ದೊಡ್ಡವಳು ಬಂದು ಅಮ್ಮನ ಹೆಗಲು ಹಿಡಿದುಕೊಂಡಳು. ತಾಯಿ ಆ ಕೈಯ ಮೇಲೆ ತಮ್ಮ ಕೈ ಇಟ್ಟು ಸವರಿದರು. ತಿರುಗಿ ನೋಡದೆ 'ಹೂಂ' ಅಂದದ್ದಕ್ಕೆ ತಮ್ಮನ್ನು ತಾವು ಶಪಿಸಿಕೊಂಡು ಸವೆದ ಕೈ. ಆ ಶಾಪ ಈಗ ಇಳಿದಿತ್ತು. ಅದರ ಜಾಗಕ್ಕೆ ಬಂದು ಕೂತದ್ದು ಏನು ಅಂತ ಕ್ಯಾಸೆಟ್ಟಮ್ಮನಿಗೆ ಕಾಣುತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ.

"ಅಮ್ಮ," ಅಂದಳು ಮೆಲ್ಲಗೆ. "ಕರೆದದ್ದು ಯಾರು?"

"ಲಾರಿ ಸದ್ದು. ಸರಿಯಾಗಿ ಕೇಳಿಸಲಿಲ್ಲ."

ಸುಳ್ಳು. ಲಾರಿ ಮುಂಬಾಗಿಲಲ್ಲಿತ್ತು, ದನಿ ಹಿತ್ತಿಲಿನದು. ಹೊಸಿಲಾಚೆಯ ಹೆಜ್ಜೆ ಕೇಳಿ ಯಾರು ಬಂದರು ಅಂತ ಹೇಳುವ ಕಿವಿ ಅದು.

ದೊಡ್ಡವಳು ಹೆಡ್‌ಫೋನಿಗೆ ಕೈ ಚಾಚಿದಳು. ಕಣ್ಣಿಲ್ಲದ ತಾಯಿಯ ಕೈ ಅದಕ್ಕಿಂತ ಮುಂಚೆ ಅದನ್ನು ಹಿಡಿದು ಎದೆಗೆ ಒತ್ತಿಕೊಂಡಿತು.

"ನೀನು ಕೇಳಬೇಡ ಮಗಳೇ."

"ಯಾಕಮ್ಮಾ?"

"ನೀನು ಕೇಳಬೇಡ."

ಮಗಳು ಅಮ್ಮನ ಮುಖ ನೋಡಿದಳು, ಆಮೇಲೆ ಕ್ಯಾಸೆಟ್ಟಮ್ಮನ ಮುಖ. ಯಾರ ದನಿಯಾದರೆ ತಾನು ಕೇಳಬಾರದು ಅಂತ ಅವಳು ಲೆಕ್ಕ ಹಾಕುತ್ತಿದ್ದದ್ದು ಕಾಣುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಹುಟ್ಟಿಸಿದವರು, ಇನ್ನೊಂದು ಕಡೆ ಕೈಹಿಡಿದವನು. ಯಾವ ಕಡೆ ತಿರುಗಿದರೂ ಅವಳದೇ ಮನೆ.

ತಾಯಿ ಕೆನ್ನೆ ಒರೆಸಿಕೊಂಡು ನೆಟ್ಟಗೆ ಕೂತರು.

"ಹೋಗಿ ಮುಂಬಾಗಿಲಿಗೆ ಚಿಲಕ ಹಾಕು."

ದೊಡ್ಡವಳು ಅಲುಗಲಿಲ್ಲ. ಆ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರದ ಮಾತು ಅದು. ತಾಯಿ ಇನ್ನೊಮ್ಮೆ ಹೇಳಿದರು. ಅವಳು ಹೋಗಿ ಬಾಗಿಲು ಮುಚ್ಚಿ ಚಿಲಕ ಎಳೆದಳು. ತುಕ್ಕು ಕಿರ್ರೆಂದಿತು, ನಡುವೆ ಸಿಕ್ಕಿಕೊಂಡಿತು, ಎರಡೂ ಕೈ ಹಾಕಿ ಎಳೆಯಬೇಕಾಯಿತು. ಕೊನೆಗೆ ಟಕ್ ಅಂತ ಕೂತಿತು. ಆ ಸದ್ದಿಗೆ ತಾಯಿಯ ಮೈ ಒಮ್ಮೆ ಕುಗ್ಗಿತು. ಇನ್ನು ಕಾಯಬೇಕಾದವರು ಯಾರೂ ಇಲ್ಲ ಅಂತ ಒಪ್ಪಿಕೊಂಡ ಸದ್ದು ಅದು.

ಯಂತ್ರದ ಕೆಂಪು ದೀಪ ಮಿನುಗುತ್ತಿತ್ತು.

ಗೇಟು ಸದ್ದಾಯಿತು. ಎರಡು ಜೋಡಿ ಚಪ್ಪಲಿಗಳು ಮೆಟ್ಟಿಲು ಹತ್ತಿದವು, ಒಂದು ನಿಧಾನ, ಒಂದು ಬಿರುಸು. ಬಾಗಿಲನ್ನು ಯಾರೋ ತಳ್ಳಿದರು. ತೆರೆಯಲಿಲ್ಲ. ಮತ್ತೆ ತಳ್ಳಿದರು.

"ಬಾಗಿಲು ಯಾಕೆ ಹಾಕಿದೆ?" ಅಂತ ಒಬ್ಬರ ದನಿ. ಇನ್ನೊಬ್ಬರ ಬೆರಳು ಮರದ ಮೇಲೆ ಮೆಲ್ಲಗೆ ಬಡಿಯಿತು.

ದೊಡ್ಡವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಕೈ ಹಿಂದೆ ಚಿಲಕದ ಮೇಲೆ. ಏನು ಮಾಡಲಿ ಅಂತ ಕಣ್ಣಲ್ಲೇ ಅಮ್ಮನನ್ನು ಕೇಳಿದಳು. ಅಮ್ಮನಿಗೆ ಅದು ಕಾಣುವುದಿಲ್ಲ ಅನ್ನುವುದನ್ನೂ ಮರೆತು.

ತಾಯಿ ಹೆಡ್‌ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ವಯರನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಹೊರಗಿನವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

"ತೆಗಿ. ಆದ್ರೆ ನಾನು ಹೇಳಿದ ಒಬ್ಬರನ್ನ ಮಾತ್ರ ಒಳಗೆ ಬಿಡು."